ಮಗ್ಗುಲಾದರೆ ತಲೆ ಸುತ್ತು: ಎಪ್ಲಿ, ಸೆಮೊಂಟ್, ಗುಫೋನಿ – ಯಾರಿಗೆ ಯಾವುದು ಸರಿ?

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೊಡನೆ, ಅಟ್ಟದ ಮೇಲಿನ ಡಬ್ಬಿಗೆ ಕತ್ತೆತ್ತಿದೊಡನೆ, ತಲೆಗೆ ನೀರು ಹುಯ್ದುಕೊಳ್ಳಲು ಬಗ್ಗಿದೊಡನೆ ಕೋಣೆಯೆಲ್ಲ ಗಿರ್ರನೆ ತಿರುಗಿ, ಅರ್ಧ ನಿಮಿಷದಲ್ಲಿ ತಾನಾಗಿ ನಿಂತುಹೋಗುತ್ತದೆಯೇ? ಹಾಗಿದ್ದರೆ ಅದು ಪಿತ್ತವಲ್ಲ, ಲೋ ಬಿಪಿಯಲ್ಲ, ಬಹುಪಾಲು ಕತ್ತಿನ ಮೂಳೆ ಸವೆದದ್ದೂ ಅಲ್ಲ. ಒಳಕಿವಿಯ ಹರಳು ಜಾಗ ತಪ್ಪಿದೆ. ವೈದ್ಯರ ಚೀಟಿಯಲ್ಲಿ ಇದರ ಹೆಸರು ಬಿಪಿಪಿವಿ. ತಲೆ ಸುತ್ತಿನ ಕಾಯಿಲೆಗಳಲ್ಲಿ ತುಂಬ ಸಾಮಾನ್ಯವಾದದ್ದು ಇದೇ. ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು.

ಇದಕ್ಕೆ ನಿಜವಾದ ಚಿಕಿತ್ಸೆ ತಲೆಯನ್ನು ಗೊತ್ತಾದ ಕ್ರಮದಲ್ಲಿ ತಿರುಗಿಸಿ ಹರಳನ್ನು ಹೊರಗೆ ಸಾಗಿಸುವುದು. ಅದಕ್ಕೆ ಎಪ್ಲಿ, ಸೆಮೊಂಟ್, ಗುಫೋನಿ ಎಂಬಂಥ ಐದಾರು ವಿಧಾನಗಳಿವೆ. ಯೂಟ್ಯೂಬ್ ತೆರೆದರೆ ಎಲ್ಲವೂ ಒಟ್ಟಿಗೇ ಸಿಗುತ್ತವೆ, ಯಾವುದು ಯಾರಿಗೆ ಎಂಬುದು ಮಾತ್ರ ಸಿಗುವುದಿಲ್ಲ. ‘ಎಪ್ಲಿ ಮಾಡಿದೆ, ಏನೂ ಆಗಲಿಲ್ಲ’ ಎನ್ನುವವರಲ್ಲಿ ಅನೇಕರು ತಪ್ಪು ಕಿವಿಗೋ ಒಳಕಿವಿಯ ತಪ್ಪು ನಾಳಕ್ಕೋ ಮಾಡಿರುತ್ತಾರೆ. ಯಾವ ಕಿವಿ, ಯಾವ ನಾಳ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ತಾನಾಗಿ ಆಗಿಬಿಡುತ್ತದೆ. ಉಳಿದರ್ಧವನ್ನು ನಿಮ್ಮ ಕತ್ತು, ಸೊಂಟ, ಮೈತೂಕ ಮತ್ತು ಮನೆಯ ಮಂಚ ತೀರ್ಮಾನಿಸುತ್ತವೆ.

ಮೊದಲು, ಇವು ಯಾವುವೂ ಬೇಡದ ಸಂದರ್ಭ

ತಲೆ ಸುತ್ತಿನ ಜೊತೆ ಮಾತು ತೊದಲುವುದು, ವಸ್ತು ಎರಡೆರಡಾಗಿ ಕಾಣುವುದು, ಮುಖ ಅಥವಾ ಕೈಕಾಲು ಒಂದು ಕಡೆ ಸೋಲುವುದು, ನಿಲ್ಲಲಾಗದಂತೆ ಒಂದೇ ಕಡೆಗೆ ವಾಲುವುದು, ಹಿಂದೆಂದೂ ಬಾರದಂಥ ತಲೆನೋವು ಅಥವಾ ಕತ್ತುನೋವು ಇದ್ದರೆ ಅದನ್ನು ಪಾರ್ಶ್ವವಾಯು ಎಂದೇ ಭಾವಿಸಿ 108ಕ್ಕೆ ಕರೆ ಮಾಡಿ. ಅಲ್ಲಾಡದೆ ಮಲಗಿದ್ದರೂ ಗಂಟೆಗಟ್ಟಲೆ ಸುತ್ತುತ್ತಲೇ ಇದ್ದರೆ ಅದು ಹರಳಿನ ತೊಂದರೆಯಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿದ್ದರೆ ಕಾಯುವುದು ಬೇಡ. ಹಠಾತ್ ಕಿವುಡಿಗೆ ಸ್ಟೆರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ಶುರುವಾದಷ್ಟೂ ಒಳ್ಳೆಯದು.

ಹರಳು ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು

ಒಳಕಿವಿಯಲ್ಲಿ ಯುಟ್ರಿಕಲ್ ಎಂಬ ಪುಟ್ಟ ಚೀಲವಿದೆ. ಅದರೊಳಗಿನ ಅಂಟುಪೊರೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು ಕೂತಿರುತ್ತವೆ. ಒಂದೊಂದೂ ಸುಮಾರು 10 ಮೈಕ್ರಾನ್. ತಲೆ ಯಾವ ಕಡೆ ವಾಲಿದೆ ಎಂದು ಮಿದುಳಿಗೆ ತಿಳಿಯುವುದು ಇವುಗಳ ಭಾರದಿಂದ. ಅದೇ ಚೀಲಕ್ಕೆ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳು ಕೂಡಿಕೊಂಡಿವೆ: ಹಿಂದಿನದು, ಅಡ್ಡದ್ದು, ಮುಂದಿನದು. ಗಾರೆ ಕೆಲಸದವರ ರಸಮಟ್ಟವನ್ನು ಮೂರು ದಿಕ್ಕಿಗೆ ಕೂರಿಸಿದ ಹಾಗೆ. ವಯಸ್ಸಿನಿಂದಲೋ, ತಲೆಗೆ ಪೆಟ್ಟು ಬಿದ್ದೋ, ಒಳಕಿವಿಯ ನರದ ಉರಿಯೂತದ ನಂತರವೋ, ಬಹಳ ದಿನ ಮಲಗಿದಲ್ಲೇ ಇದ್ದೋ ಹರಳು ಕಿತ್ತು ಬಂದು ನಾಳದೊಳಗೆ ಇಳಿಯುತ್ತದೆ. ತಲೆ ಅಲ್ಲಾಡಿದಾಗ ಅದು ಜಾರುತ್ತ ದ್ರವವನ್ನು ಎಳೆಯುತ್ತದೆ, ನಾಳದ ತುದಿಯ ಕ್ಯುಪುಲಾ ಎಂಬ ಪರದೆ ಬಾಗುತ್ತದೆ, ನೀವು ತಿರುಗುತ್ತಿದ್ದೀರಿ ಎಂದು ಮಿದುಳು ನಂಬುತ್ತದೆ. ಹರಳು ತಳ ಸೇರಿದಾಗ ಸುತ್ತು ನಿಲ್ಲುತ್ತದೆ. ಮಲಗಿ ಎರಡು ಮೂರು ಸೆಕೆಂಡಾದ ಮೇಲೆ ಶುರುವಾಗಿ ಒಂದು ನಿಮಿಷದೊಳಗೆ ಮುಗಿಯುವುದು ಈ ಕಾರಣಕ್ಕೆ.

ಹಿಂದಿನ ನಾಳ ಎಲ್ಲಕ್ಕಿಂತ ತಗ್ಗಿನಲ್ಲಿರುವುದರಿಂದ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಹರಳು ಬೀಳುವುದು ಅಲ್ಲಿಗೇ. ಅಡ್ಡ ನಾಳದ ಪಾಲು ಸುಮಾರು 5ರಿಂದ 15. ಮುಂದಿನ ನಾಳದ್ದು ತೀರ ಅಪರೂಪ.

ಈ ತಿಳಿವಳಿಕೆ ಬಂದದ್ದು ನಿಧಾನವಾಗಿ. ಈ ಸುತ್ತನ್ನು ಪತ್ತೆ ಹಚ್ಚುವ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು 1952ರಲ್ಲೇ ವಿವರಿಸಿದ್ದರು. ಹರಳು ಕ್ಯುಪುಲಾಕ್ಕೆ ಅಂಟಿಕೊಳ್ಳುತ್ತದೆ ಎಂದು 1969ರಲ್ಲಿ ಶುಕ್‌ನೆಕ್ಟ್ ವಾದಿಸಿದರು. ಅಂಟಿಕೊಳ್ಳುವುದಲ್ಲ, ತೇಲಾಡುತ್ತಿರುತ್ತದೆ ಎಂಬ ವಾದ 1979ರಲ್ಲಿ ಬಂತು. ಅಮೆರಿಕದ ಪೋರ್ಟ್‌ಲ್ಯಾಂಡಿನ ವೈದ್ಯ ಜಾನ್ ಎಪ್ಲಿ ತಮ್ಮ ವಿಧಾನವನ್ನು ತೋರಿಸತೊಡಗಿದಾಗ ಸಹೋದ್ಯೋಗಿಗಳು ನಕ್ಕರು. ಅದು ಅಚ್ಚಾದದ್ದು 1992ರಲ್ಲಿ. ಅದೇ ವರ್ಷ ಕೆನಡಾದ ಪಾರ್ನ್ಸ್ ಮತ್ತು ಮೆಕ್‌ಕ್ಲೂರ್ ಶಸ್ತ್ರಚಿಕಿತ್ಸೆಯ ವೇಳೆ ನಾಳದೊಳಗೆ ತೇಲುವ ಕಣಗಳನ್ನು ಕಣ್ಣಾರೆ ಕಂಡು ವರದಿ ಮಾಡಿದರು.

ಯಾವ ಕಿವಿ, ಯಾವ ನಾಳ?

ಹಿಂದಿನ ನಾಳಕ್ಕೆ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ. ಮಂಚದ ಮೇಲೆ ಕಾಲು ಚಾಚಿ ಕೂತು, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಹಾಗೇ ಬೇಗನೆ ಅಂಗಾತ ಮಲಗಬೇಕು. ತಲೆ ಮಂಚದ ಅಂಚಿನಿಂದ 20 ಡಿಗ್ರಿಯಷ್ಟು ಕೆಳಗೆ ಇಳಿದಿರಬೇಕು. ಕಣ್ಣು ಮುಚ್ಚಬಾರದು, ಏಕೆಂದರೆ ಉತ್ತರ ಇರುವುದೇ ಕಣ್ಣಿನಲ್ಲಿ. ಹರಳು ಬಲಗಿವಿಯಲ್ಲಿದ್ದರೆ ಕೆಲವು ಸೆಕೆಂಡಿನಲ್ಲಿ ಕಣ್ಣುಗುಡ್ಡೆ ಹಣೆಯ ಕಡೆಗೆ ಜಗ್ಗುತ್ತ, ಜೊತೆಗೇ ಅದರ ಮೇಲ್ಭಾಗ ಕೆಳಗಿರುವ ಕಿವಿಯ ಕಡೆಗೆ ತಿರುಚಿಕೊಳ್ಳುತ್ತ ಅದುರುತ್ತದೆ. ಎದ್ದು ಕೂತಾಗ ದಿಕ್ಕು ತಿರುಗುಮುರುಗಾಗುತ್ತದೆ. ನಂತರ ಎಡಕ್ಕೂ ಇದೇ ಪರೀಕ್ಷೆ. ಎಡಬಲ ಎರಡೂ ಕಡೆ ಸುತ್ತಿತು ಎಂದು ರೋಗಿ ಹೇಳುವುದು ಮಾಮೂಲು. ಆ ಮಾತಿಗಿಂತ ಕಣ್ಣಿನ ಅದುರನ್ನು ನಂಬುವುದು ಒಳ್ಳೆಯದು.

ಅಡ್ಡ ನಾಳಕ್ಕೆ ಪರೀಕ್ಷೆ ಬೇರೆ. ಅಂಗಾತ ಮಲಗಿ, ದಿಂಬಿನಿಂದ ತಲೆಯನ್ನು 30 ಡಿಗ್ರಿ ಎತ್ತರಿಸಿ, ಬೇಗನೆ ಬಲಕ್ಕೆ 90 ಡಿಗ್ರಿ ತಿರುಗಿಸಿ ನೋಡಬೇಕು. ಮತ್ತೆ ನಡುವಿಗೆ ಬಂದು ಎಡಕ್ಕೆ. ಇಲ್ಲಿ ಕಣ್ಣು ಅಡ್ಡಡ್ಡ ಅದುರುತ್ತದೆ, ಸುತ್ತು ಜೋರಾಗಿರುತ್ತದೆ, ವಾಂತಿಯೂ ಹೆಚ್ಚು. ಎರಡೂ ಕಡೆಗೆ ತಿರುಗಿದಾಗ ಅದುರು ನೆಲದ ಕಡೆಗಿದ್ದರೆ ಹರಳು ನಾಳದಲ್ಲಿ ತೇಲುತ್ತಿದೆ, ಜೋರಾಗಿರುವ ಕಡೆಯದೇ ಕೆಟ್ಟ ಕಿವಿ. ಅದುರು ಚಾವಣಿಯ ಕಡೆಗಿದ್ದರೆ ಹರಳು ಕ್ಯುಪುಲಾಕ್ಕೆ ಅಂಟಿದೆ ಅಥವಾ ಅದರ ಹತ್ತಿರದಲ್ಲೇ ಇದೆ. ಆಗ ಲೆಕ್ಕ ತಿರುಗುಮುರುಗು, ಕಡಿಮೆ ಅದುರುವ ಕಡೆಯದು ಕೆಟ್ಟ ಕಿವಿ. ಅನುಭವವಿರುವವರೂ ಎಡವುವುದು ಇಲ್ಲಿಯೇ.

ಇದನ್ನೆಲ್ಲ ಒಮ್ಮೆ ಇಎನ್‌ಟಿ ಅಥವಾ ನರರೋಗ ತಜ್ಞರ ಹತ್ತಿರ ಮಾಡಿಸಿಕೊಳ್ಳುವುದೇ ಸರಿ. ವಿಡಿಯೋ ಕನ್ನಡಕವಿರುವ ವಿಎನ್‌ಜಿ ಯಂತ್ರ ಇದ್ದರೆ ಅಡ್ಡ ನಾಳದ ಅದುರು ಸ್ಪಷ್ಟವಾಗಿ ಕಾಣುತ್ತದೆ, ಏಕೆಂದರೆ ಬರಿಗಣ್ಣಿನಲ್ಲಿ ಒಂದೇ ಕಡೆ ದಿಟ್ಟಿಸಿದರೆ ಅಡ್ಡ ಅದುರು ಅಡಗಿಬಿಡುತ್ತದೆ. ಹಿಂದಿನ ನಾಳದ ತಿರುಚುವ ಅದುರು ಹಾಗೆ ಅಡಗುವುದಿಲ್ಲ, ಯಂತ್ರವಿಲ್ಲದೆಯೂ ಗೊತ್ತಾಗುತ್ತದೆ. ಲಕ್ಷಣ ಸ್ಪಷ್ಟವಿದ್ದಾಗ ಎಂಆರ್‌ಐ ಬೇಕಿಲ್ಲ. ಈ ಹರಳು ಸ್ಕ್ಯಾನಿನಲ್ಲಿ ಕಾಣುವುದೂ ಇಲ್ಲ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಸುತ್ತು ನಿಂತುಹೋಗುತ್ತದೆ ಎನ್ನುವವರು ಒಂದು ಕೆಲಸ ಮಾಡಬಹುದು: ಸುತ್ತು ಬಂದಾಗ ಮನೆಯವರು ಮೊಬೈಲಿನಲ್ಲಿ ಕಣ್ಣನ್ನು ಹತ್ತಿರದಿಂದ, ಒಳ್ಳೆಯ ಬೆಳಕಿನಲ್ಲಿ, ಅರ್ಧ ನಿಮಿಷ ಚಿತ್ರೀಕರಿಸಲಿ. ಆಗ ಯಾವ ಮಗ್ಗುಲಿಗೆ ಮಲಗಿದ್ದಿರಿ ಎಂಬುದೂ ವಿಡಿಯೋದಲ್ಲಿ ತಿಳಿಯಲಿ.

ಹಿಂದಿನ ನಾಳ: ಎಪ್ಲಿಯೋ ಸೆಮೊಂಟೋ?

ಕೆಳಗಿನದೆಲ್ಲ ಬಲಗಿವಿಗೆ. ಎಡಗಿವಿಯಾದರೆ ಎಡಬಲ ಅದಲುಬದಲು ಮಾಡಿಕೊಳ್ಳಿ.

ಎಪ್ಲಿ ಹೀಗೆ. ಮಂಚದ ಮೇಲೆ ಕಾಲು ಚಾಚಿ ಕೂತು, ಮಲಗಿದಾಗ ಹೆಗಲಿನ ಕೆಳಗೆ ಬರುವಂತೆ ಒಂದು ದಿಂಬು ಇಟ್ಟುಕೊಳ್ಳಿ. ತಲೆ ಬಲಕ್ಕೆ 45 ಡಿಗ್ರಿ. ಬೇಗನೆ ಅಂಗಾತ ಮಲಗಿ; ಹೆಗಲು ದಿಂಬಿನ ಮೇಲೆ, ತಲೆ ಅದಕ್ಕಿಂತ ತಗ್ಗಿನಲ್ಲಿ. ಸುತ್ತು ಬರುತ್ತದೆ, ಬರಲಿ. ಅದು ನಿಂತ ಮೇಲೂ ಅರ್ಧ ನಿಮಿಷ, ಒಟ್ಟು ಸುಮಾರು ಒಂದು ನಿಮಿಷ ಹಾಗೇ ಇರಿ. ಈಗ ತಲೆಯನ್ನು ಎತ್ತದೆ ಎಡಕ್ಕೆ 90 ಡಿಗ್ರಿ ಹೊರಳಿಸಿ. ಮೂಗು ಈಗ ಎಡಕ್ಕೆ 45 ಡಿಗ್ರಿಯಲ್ಲಿದೆ. ಒಂದು ನಿಮಿಷ. ಆಮೇಲೆ ಮೈಯನ್ನೂ ಎಡಮಗ್ಗುಲಿಗೆ ಹೊರಳಿಸಿ, ತಲೆಯನ್ನು ಇನ್ನೂ 90 ಡಿಗ್ರಿ ತಿರುಗಿಸಿ, ಮೂಗು ನೆಲದ ಕಡೆ ನೋಡುವಂತೆ. ಮತ್ತೆ ಒಂದು ನಿಮಿಷ. ಕೊನೆಗೆ ಗದ್ದವನ್ನು ಎದೆಯ ಕಡೆ ಬಗ್ಗಿಸಿಕೊಂಡು ಎಡಮಗ್ಗುಲಿನಿಂದಲೇ ಎದ್ದು ಕಾಲು ಇಳಿಬಿಟ್ಟು ಕೂರಿ. ಕೂತ ಕೂಡಲೇ ಯಾರೋ ಹಿಂದಕ್ಕೋ ಮುಂದಕ್ಕೋ ದಬ್ಬಿದಂತಾಗಬಹುದು. ಹರಳು ಚೀಲಕ್ಕೆ ಬಿದ್ದ ಕ್ಷಣ ಅದು. ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಇರಲೇಬೇಕು. ಹತ್ತು ನಿಮಿಷ ಕೂತೇ ಇರಿ.

ಎರಡನೆಯ, ಮೂರನೆಯ ಭಂಗಿಯಲ್ಲೂ ಮೊದಲಿನ ದಿಕ್ಕಿನಲ್ಲೇ ಸುತ್ತಿದರೆ ಒಳ್ಳೆಯ ಸೂಚನೆ, ಹರಳು ಮುಂದೆ ಸಾಗುತ್ತಿದೆ. ಉಲ್ಟಾ ದಿಕ್ಕಿಗೆ ಸುತ್ತಿದರೆ ಹರಳು ಹಿಂದಕ್ಕೆ ಜಾರಿದೆ. ಎಪ್ಲಿ ಕೆಡುವುದು ಹೆಚ್ಚಾಗಿ ಮೂರು ಕಾರಣಗಳಿಗೆ: ದಿಂಬನ್ನು ಹೆಗಲಿನ ಬದಲು ತಲೆಯ ಕೆಳಗೆ ಇಡುವುದು, ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವಾಗ ತಲೆ ಎತ್ತಿಬಿಡುವುದು, ಸುತ್ತಿಗೆ ಹೆದರಿ ಹತ್ತು ಸೆಕೆಂಡಿಗೇ ಮುಂದಿನ ಭಂಗಿಗೆ ಹೋಗುವುದು. ಎಪ್ಲಿಯವರು ಕಿವಿಯ ಹಿಂದಿನ ಮೂಳೆಗೆ ಕಂಪನ ಯಂತ್ರವನ್ನೂ ಹಿಡಿಯುತ್ತಿದ್ದರು. ಅದರಿಂದ ಹೆಚ್ಚಿನ ಲಾಭವಿಲ್ಲವೆಂದು ಆಮೇಲೆ ತಿಳಿದುಬಂತು.

ಸೆಮೊಂಟ್ 1988ರದು, ಫ್ರಾನ್ಸಿನಿಂದ ಬಂದದ್ದು. ಇಲ್ಲಿ ಕತ್ತನ್ನು ಹಿಂದಕ್ಕೆ ಬಗ್ಗಿಸುವುದಿಲ್ಲ, ಇಡೀ ಮೈಯನ್ನು ಬೀಳಿಸುವುದು. ಮಂಚದ ಉದ್ದನೆಯ ಅಂಚಿನ ನಡುವೆ ಕಾಲು ಇಳಿಬಿಟ್ಟು ಕೂರಿ. ತಲೆಯನ್ನು ಎಡಕ್ಕೆ, ಅಂದರೆ ಒಳ್ಳೆಯ ಕಿವಿಯ ಕಡೆಗೆ, 45 ಡಿಗ್ರಿ ತಿರುಗಿಸಿ. ಬಲಮಗ್ಗುಲಿಗೆ ಬೇಗನೆ ಬೀಳಿ. ಮುಖ ಚಾವಣಿ ನೋಡುತ್ತದೆ. ಒಂದು ನಿಮಿಷ. ಈಗ ತಲೆಯ ತಿರುವನ್ನು ಕೂದಲೆಳೆಯಷ್ಟೂ ಬದಲಿಸದೆ, ನಡುವೆ ನಿಲ್ಲದೆ, ಎರಡು ಸೆಕೆಂಡಿನೊಳಗೆ ಎಡಮಗ್ಗುಲಿಗೆ ಬೀಳಬೇಕು. ಮುಖ ಹಾಸಿಗೆ ನೋಡುತ್ತದೆ. ಮತ್ತೆ ಒಂದು ನಿಮಿಷ, ಆಮೇಲೆ ನಿಧಾನವಾಗಿ ಏಳಿ. ನಿಧಾನವಾಗಿ ಬಿದ್ದರೆ ಹರಳು ಬಂದ ದಾರಿಗೇ ಜಾರುತ್ತದೆ. ಬೀಳುವಾಗ ತಲೆ ತಾನಾಗಿ ಮೇಲಕ್ಕೆ ತಿರುಗಿಬಿಟ್ಟರೂ ಅಷ್ಟೆ.

ಅಧ್ಯಯನಗಳು ಏನು ಹೇಳುತ್ತವೆ? ಎಪ್ಲಿಗೆ ಆಧಾರ ಗಟ್ಟಿಯಾಗಿದೆ. 2014ರ ಕಾಕ್ರೇನ್ ಪರಿಶೀಲನೆ 11 ಪ್ರಯೋಗಗಳ 745 ರೋಗಿಗಳನ್ನು ಒಟ್ಟು ನೋಡಿತು. ನಕಲಿ ಚಿಕಿತ್ಸೆ ಪಡೆದವರಲ್ಲಿ ಅಥವಾ ಏನೂ ಪಡೆಯದವರಲ್ಲಿ ಶೇ. 21 ಮಂದಿಗೆ ಸುತ್ತು ಪೂರ್ತಿ ಹೋದರೆ, ಎಪ್ಲಿ ಮಾಡಿಸಿಕೊಂಡವರಲ್ಲಿ ಶೇ. 56. ಎಪ್ಲಿ ಮತ್ತು ಸೆಮೊಂಟನ್ನು ತಜ್ಞರ ಕೈಯಲ್ಲಿ ಹೋಲಿಸಿದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಮನೆಯಲ್ಲಿ ತಾವೇ ಮಾಡಿಕೊಂಡಾಗ ಕಥೆ ಬೇರೆ. ಜರ್ಮನಿಯಲ್ಲಿ ರಾಡ್ಕೆ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯಲ್ಲಿ ಎಪ್ಲಿ ಮಾಡಿಕೊಂಡವರಲ್ಲಿ ಶೇ. 95 ಮಂದಿ ಒಂದು ವಾರದಲ್ಲಿ ಗುಣವಾದರು, ಸೆಮೊಂಟ್ ಮಾಡಿಕೊಂಡವರಲ್ಲಿ ಶೇ. 58. ಸೆಮೊಂಟ್ ಗುಂಪು ಹಿಂದೆ ಬೀಳಲು ಮುಖ್ಯ ಕಾರಣ ಮಾಡುವಾಗಿನ ತಪ್ಪುಗಳು.

ಇದಕ್ಕೆ ಎದುರಾಗಿ 2023ರಲ್ಲಿ ಒಂದು ಅಧ್ಯಯನ ಬಂತು. ಸ್ಟ್ರೂಪ್ ತಂಡ ಜರ್ಮನಿ, ಇಟಲಿ, ಬೆಲ್ಜಿಯಂಗಳ 195 ರೋಗಿಗಳಲ್ಲಿ ‘ಸೆಮೊಂಟ್ ಪ್ಲಸ್’ ಎಂಬ ಮಾರ್ಪಾಡನ್ನು ಎಪ್ಲಿಯೊಡನೆ ಹೋಲಿಸಿತು. ಮಾಮೂಲು ಸೆಮೊಂಟಿನಲ್ಲಿ ಕೂತಲ್ಲಿಂದ 90 ಡಿಗ್ರಿ ಬೀಳುತ್ತೇವೆ. ಪ್ಲಸ್‌ನಲ್ಲಿ ತಲೆ ಮಂಚದ ತುದಿಯಾಚೆ ಇನ್ನೂ 60 ಡಿಗ್ರಿ ಕೆಳಗೆ ಇಳಿಯಬೇಕು, ಹರಳು ನಾಳದ ತಿರುವಿನತ್ತ ಇನ್ನಷ್ಟು ದೂರ ಸಾಗಲಿ ಎಂದು. ಸುತ್ತು ಪೂರ್ತಿ ನಿಲ್ಲಲು ಸರಾಸರಿ ಎಪ್ಲಿಗೆ 3.3 ದಿನ, ಪ್ಲಸ್‌ಗೆ 2 ದಿನ. ಗಮನಿಸಬೇಕಾದ್ದು: ಎರಡೂ ಗುಂಪಿನಲ್ಲಿ ಮೊದಲ ಸಲ ವೈದ್ಯರೇ ಮಾಡಿ ತೋರಿಸಿದ್ದರು. ಎರಡು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮ್ಮ ಅಭಿಪ್ರಾಯ ಇಷ್ಟು: ಕಲಿಸುವವರು ಎದುರಿಗಿದ್ದರೆ, ಮೈ ಹಗುರಾಗಿದ್ದರೆ ಸೆಮೊಂಟ್ ಬೇಗ ಗುಣ ಕೊಡಬಹುದು. ವಿಡಿಯೋ ನೋಡಿ ಮನೆಯಲ್ಲಿ ಮಾಡುವವರಿಗೆ ಎಪ್ಲಿಯೇ ಲೇಸು. ಸಣ್ಣ ತಪ್ಪುಗಳನ್ನು ಅದು ಸಹಿಸುತ್ತದೆ.

ಈಗ ದೇಹದ ಮಾತು. ಕತ್ತು ಹಿಂದಕ್ಕೆ ಬಗ್ಗದವರಿಗೆ, ಬೆನ್ನು ಗೂನಾಗಿರುವವರಿಗೆ ಮಾಮೂಲು ಸೆಮೊಂಟ್ ಸುಲಭ, ಪ್ಲಸ್ ಅಲ್ಲ. ಸೊಂಟದ ಕೀಲು ಬದಲಿಸಿಕೊಂಡವರಿಗೆ, ಪಕ್ಕೆಲುಬು ಮುರಿದವರಿಗೆ, ತುಂಬ ದಪ್ಪಗಿರುವವರಿಗೆ, ಎಂಬತ್ತು ದಾಟಿದವರಿಗೆ ಧಡಕ್ಕನೆ ಬೀಳುವ ಸೆಮೊಂಟ್ ಆಗದು, ಎಪ್ಲಿ ಆಗುತ್ತದೆ. ತೀವ್ರ ಸಂಧಿವಾತದಿಂದ ಕತ್ತು ಸಡಿಲವಾಗಿರುವವರು, ಕತ್ತಿನ ಶಸ್ತ್ರಚಿಕಿತ್ಸೆ ಆದವರು, ಕತ್ತಿನ ರಕ್ತನಾಳ ಕಟ್ಟಿರುವವರು, ಅಕ್ಷಿಪಟಲ ಕಳಚಿದವರು, ಡೌನ್ ಸಿಂಡ್ರೋಮ್ ಇರುವವರು ಯಾವುದನ್ನೂ ಮನೆಯಲ್ಲಿ ಪ್ರಯತ್ನಿಸಬಾರದು. ಮಂಚವೂ ಲೆಕ್ಕಕ್ಕೆ ಬರುತ್ತದೆ. ಸೆಮೊಂಟಿಗೆ ಎರಡೂ ಕಡೆ ಬೀಳಲು ಜಾಗವಿರುವ ಮಂಚ ಬೇಕು; ಗೋಡೆಯ ಮೂಲೆಗೆ ಒತ್ತಿಟ್ಟ ಕಿರಿದಾದ ಮಂಚದಲ್ಲಿ ತಲೆ ಗೋಡೆಗೆ ಬಡಿಯುತ್ತದೆ. ಎಪ್ಲಿಗೆ ಅಂಥ ಹಂಗಿಲ್ಲ, ನೆಲದ ಮೇಲೆ ಚಾಪೆ ಹಾಸಿ, ಹೆಗಲಿನ ಕೆಳಗೆ ಗಟ್ಟಿ ದಿಂಬಿಟ್ಟು ಮಾಡಬಹುದು. ಕೊನೆಯಲ್ಲಿ ಎದ್ದು ಕೂರುವುದು ಮಾತ್ರ ಮಂಡಿನೋವಿನವರಿಗೆ ಕಷ್ಟ.

ಎಷ್ಟು ಸಲ? ರಾಡ್ಕೆ ಅವರ ಕ್ರಮ ಅನುಸರಿಸಲು ಸುಲಭ: ದಿನಕ್ಕೆ ಮೂರು ಸಲ, ಪೂರ್ತಿ 24 ಗಂಟೆ ಸುತ್ತು ಬಾರದಿರುವವರೆಗೆ. ಒಂದು ವಾರವಾದರೂ ಕಡಿಮೆಯಾಗದಿದ್ದರೆ ಎಣಿಕೆ ಹೆಚ್ಚಿಸುವುದಲ್ಲ, ರೋಗನಿರ್ಣಯವನ್ನೇ ಮತ್ತೆ ನೋಡಿಸಬೇಕು.

ಬ್ರಾಂಟ್-ಡಾರೋಫ್: ಹಳೆಯದು, ಇನ್ನೂ ಹೆಚ್ಚು ಬರೆದುಕೊಡುವುದು

ಜೆರಾಕ್ಸ್ ಹಾಳೆಯಲ್ಲಿ ಕೈಗಿಡುವ ವ್ಯಾಯಾಮ ಅನೇಕ ಸಲ ಇದೇ: ಕೂತು, ಒಂದು ಮಗ್ಗುಲಿಗೆ ಬಿದ್ದು 30 ಸೆಕೆಂಡು, ಎದ್ದು ಕೂತು 30 ಸೆಕೆಂಡು, ಇನ್ನೊಂದು ಮಗ್ಗುಲಿಗೆ 30 ಸೆಕೆಂಡು. ಇಂಥ ಐದು ಸುತ್ತು, ದಿನಕ್ಕೆ ಮೂರು ಹೊತ್ತು, ಎರಡು ವಾರ. 1980ರ ಈ ವಿಧಾನದ ಒಂದು ಅನುಕೂಲವೆಂದರೆ ಯಾವ ಕಿವಿ ಎಂದು ಗೊತ್ತಿಲ್ಲದೆಯೂ ಮಾಡಬಹುದು. ಆದರೆ ಹರಳನ್ನು ಗುರಿಯಿಟ್ಟು ಸಾಗಿಸುವ ವಿಧಾನವಲ್ಲ ಇದು. ಸ್ಪೇನಿನಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಏಳನೆಯ ದಿನ ಎಪ್ಲಿ ಗುಂಪಿನ ಶೇ. 80.5 ಮಂದಿಯಲ್ಲಿ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಸಹಜವಾಗಿತ್ತು; ಬ್ರಾಂಟ್-ಡಾರೋಫ್ ಗುಂಪಿನಲ್ಲಿ ಶೇ. 25 ಮಾತ್ರ. ಮತ್ತೆ ಬಾರದಿರಲಿ ಎಂದು ಇದನ್ನೇ ದಿನಾ ಮಾಡುವುದರಿಂದಲೂ ಮರುಕಳಿಕೆ ತಪ್ಪುವುದಿಲ್ಲ. ಎಪ್ಲಿ, ಸೆಮೊಂಟ್ ಎರಡೂ ಆಗದ ದೇಹಸ್ಥಿತಿಯವರಿಗೆ ಮಾತ್ರ ಇದನ್ನು ಉಳಿಸಿಕೊಳ್ಳಬಹುದು.

ಅಡ್ಡ ನಾಳ: ಹೊರಳಾಟ, ಗುಫೋನಿ ಅಥವಾ ಒಂದು ರಾತ್ರಿಯ ನಿದ್ದೆ

ಅಡ್ಡ ನಾಳದಲ್ಲಿ ಹರಳಿದ್ದಾಗ ಎಪ್ಲಿ ಮಾಡಿ ಪ್ರಯೋಜನವಿಲ್ಲ. ಅದು ಬೇರೆ ಪಾತಳಿಯ ನಾಳಕ್ಕೆಂದು ಆದದ್ದು.

ಅದುರು ನೆಲದ ಕಡೆಗಿರುವ ಬಗೆಗೆ ಮೂರು ದಾರಿಗಳಿವೆ. ಮೊದಲನೆಯದು ಲೆಂಪರ್ಟ್ ಹೊರಳಾಟ: ಬಲಗಿವಿಯ ತೊಂದರೆಯಾದರೆ ಅಂಗಾತ ಮಲಗಿ, ಎಡಮಗ್ಗುಲು, ಬೋರಲು, ಬಲಮಗ್ಗುಲು ಹೀಗೆ ಒಳ್ಳೆಯ ಕಿವಿಯ ಕಡೆಗೆ 90 ಡಿಗ್ರಿಯಂತೆ ಉರುಳುತ್ತ ಹೋಗಿ ಎದ್ದು ಕೂರುವುದು, ಪ್ರತಿ ಹಂತದಲ್ಲೂ ಅರ್ಧದಿಂದ ಒಂದು ನಿಮಿಷ. ಎರಡನೆಯದು ಗುಫೋನಿ: ಮಂಚದ ಅಂಚಿನಲ್ಲಿ ಕೂತು, ತಲೆ ನೇರವಾಗಿಟ್ಟುಕೊಂಡು, ಒಳ್ಳೆಯ ಕಿವಿಯ ಕಡೆಗೆ ಬೇಗನೆ ಮಗ್ಗುಲಾಗಿ ಒಂದೆರಡು ನಿಮಿಷ, ಹಾಗೇ ಮೂಗನ್ನು 45 ಡಿಗ್ರಿ ಕೆಳಗೆ, ಹಾಸಿಗೆಯ ಕಡೆ ತಿರುಗಿಸಿ ಎರಡು ನಿಮಿಷ, ಆಮೇಲೆ ಏಳುವುದು. ಮೂರನೆಯದು ವನ್ನೂಕಿಯವರದು: ಒಳ್ಳೆಯ ಕಿವಿ ಕೆಳಗೆ ಬರುವಂತೆ ಸುಮಾರು 12 ಗಂಟೆ ಒಂದೇ ಮಗ್ಗುಲಲ್ಲಿ ಮಲಗಿರುವುದು.

ಕೊರಿಯಾದಲ್ಲಿ 170 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲ ಭೇಟಿಯಲ್ಲೇ ಹೊರಳಾಟದಿಂದ ಶೇ. 69, ಗುಫೋನಿಯಿಂದ ಶೇ. 61 ಮಂದಿಗೆ ಗುಣವಾಯಿತು. ನಕಲಿ ಚಿಕಿತ್ಸೆಯಿಂದಲೂ ಶೇ. 35. ಹಾಗಾಗಿ ಇವೆರಡರ ನಡುವೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೋರಲು ಮಲಗಲಾಗದವರಿಗೆ, ಅಂದರೆ ಗರ್ಭಿಣಿಯರಿಗೆ, ಹೊಟ್ಟೆ ದೊಡ್ಡದಿರುವವರಿಗೆ, ಉಸಿರಾಟದ ತೊಂದರೆಯವರಿಗೆ ಗುಫೋನಿ. ಮಗ್ಗುಲಿಗೆ ಬೀಳಲು ಹೆದರುವವರಿಗೆ ಹೊರಳಾಟ. ಏನೇ ಮಾಡಿದರೂ ವಾಂತಿ ಬರುವ ಹಿರಿಯರಿಗೆ ರಾತ್ರಿಯಿಡೀ ಒಂದೇ ಮಗ್ಗುಲು; ಬೆನ್ನ ಹಿಂದೆ ದಿಂಬು ಕೊಟ್ಟು, ಮಧ್ಯೆ ಹೊರಳದಂತೆ ನೋಡಿಕೊಂಡರಾಯಿತು.

ಅದುರು ಚಾವಣಿಯ ಕಡೆಗಿದ್ದರೆ ಗುಫೋನಿಯೂ ತಿರುಗುಮುರುಗು: ಕೆಟ್ಟ ಕಿವಿಯ ಕಡೆಗೆ ಮಗ್ಗುಲಾಗಿ, ಆಮೇಲೆ ಮೂಗು 45 ಡಿಗ್ರಿ ಮೇಲಕ್ಕೆ. ಇದನ್ನು ಮನೆಯಲ್ಲಿ ಅಂದಾಜಿನ ಮೇಲೆ ಮಾಡಬೇಡಿ. ಮುಂದಿನ ನಾಳಕ್ಕೂ ಯಾಕೊವಿನೊ ಎಂಬ ವಿಧಾನವಿದೆ. ಆದರೆ ಮಲಗಿದಾಗ ಕಣ್ಣು ಕೆಳಮುಖವಾಗಿ ಅದುರುವುದು ಕಿರುಮಿದುಳಿನ ತೊಂದರೆಯಿಂದಲೂ ಆಗಬಹುದಾದ್ದರಿಂದ ಮೊದಲು ನರರೋಗ ತಜ್ಞರು ನೋಡಲಿ.

ಮಾತ್ರೆ ಎಲ್ಲಿಗೆ ನಿಲ್ಲಬೇಕು

ಬೀಟಾಹಿಸ್ಟಿನ್, ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್ – ಈ ಮೂರರಲ್ಲಿ ಒಂದಾದರೂ ತಲೆ ಸುತ್ತಿನ ಚೀಟಿಯಲ್ಲಿ ಇದ್ದೇ ಇರುತ್ತದೆ. ಯಾವುದಕ್ಕೂ ನಾಳದೊಳಗಿನ ಹರಳನ್ನು ಕದಲಿಸುವ ಶಕ್ತಿಯಿಲ್ಲ. ಅಮೆರಿಕದ ಇಎನ್‌ಟಿ ಅಕಾಡೆಮಿಯ 2017ರ ಮಾರ್ಗಸೂಚಿ ಬಿಪಿಪಿವಿಗೆ ಸುತ್ತು ಅಡಗಿಸುವ ಮಾತ್ರೆಗಳನ್ನು ರೂಢಿಯಂತೆ ಕೊಡಬಾರದು ಎನ್ನುತ್ತದೆ. ಎಪ್ಲಿ ಮಾಡುವಾಗ ವಾಂತಿ ಬರುತ್ತದೆಂದು ಒಂದೆರಡು ಮಾತ್ರೆ ಕೊಡುವುದು ಸರಿ. ತಿಂಗಳುಗಟ್ಟಲೆ ನುಂಗುವುದು ಸರಿಯಲ್ಲ: ಪ್ರೊಕ್ಲೋರ್‌ಪೆರಜಿನ್ ಮತ್ತು ಸಿನ್ನರಿಜಿನ್ ಹಿರಿಯರಲ್ಲಿ ಪಾರ್ಕಿನ್ಸನ್ ಹೋಲುವ ನಡುಕ, ಬಿಗಿತ ತರುತ್ತವೆ, ಮಂಪರಿನಿಂದ ಬೀಳುವ ಅಪಾಯ ಹೆಚ್ಚುತ್ತದೆ, ಪರೀಕ್ಷೆಯ ದಿನ ಕಣ್ಣಿನ ಅದುರನ್ನು ಮುಚ್ಚಿಹಾಕಿ ವೈದ್ಯರನ್ನೂ ದಾರಿ ತಪ್ಪಿಸುತ್ತವೆ. ಹಳೆಯ ಮಾತ್ರೆಯನ್ನು ನಿಲ್ಲಿಸುವುದನ್ನು ಮಾತ್ರ ವೈದ್ಯರನ್ನು ಕೇಳಿಯೇ ಮಾಡಿ.

ಹಾಗಾದರೆ ಮಾತ್ರೆಯಿಂದ ಗುಣವಾಯಿತು ಎನ್ನುವವರು? ಜಪಾನಿನಲ್ಲಿ ಇಮಾಯ್ ತಂಡ 2005ರಲ್ಲಿ ಚಿಕಿತ್ಸೆಯಿಲ್ಲದೆ ಎಷ್ಟು ದಿನಕ್ಕೆ ಸುತ್ತು ಹೋಗುತ್ತದೆಂದು ಲೆಕ್ಕ ಹಾಕಿತು: ಹಿಂದಿನ ನಾಳದ್ದಕ್ಕೆ ಸರಾಸರಿ 39 ದಿನ, ಅಡ್ಡ ನಾಳದ್ದಕ್ಕೆ 16 ದಿನ. ಒಂದು ತಿಂಗಳ ಮಾತ್ರೆಯ ಕೋರ್ಸು ಮುಗಿಯುವಷ್ಟರಲ್ಲಿ ಹರಳು ತಾನಾಗಿಯೇ ಹೊರಬಿದ್ದಿರುವುದು ಸಹಜ. ಸುಮ್ಮನೆ ಕಾಯುವುದೂ ಒಂದು ಆಯ್ಕೆಯೇ ಎಂದಾಯಿತು. ಆದರೆ ಗಾಡಿ ಓಡಿಸುವವರಿಗೆ, ಏಣಿ ಹತ್ತುವ ಕೆಲಸದವರಿಗೆ, ಬಿದ್ದರೆ ತೊಡೆಮೂಳೆ ಮುರಿಯುವ ವಯಸ್ಸಿನವರಿಗೆ ಅದು ಒಳ್ಳೆಯ ಆಯ್ಕೆಯಲ್ಲ.

ಕಟಿಂಗ್ ಶಾಪಿನಲ್ಲಿ ಕತ್ತಿನ ನೆಟಿಗೆ ತೆಗೆಸಿದರೆ ಸರಿಹೋಗುತ್ತದೆ ಎಂಬ ಸಲಹೆಯೂ ಊರಲ್ಲಿ ಸಿಗುತ್ತದೆ. ಖಂಡಿತ ಬೇಡ. ಆ ಎಳೆತಕ್ಕೆ ಕತ್ತಿನ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆಗಬಲ್ಲದು.

ಮಾಡಿದ ಮೇಲೆ ಏನೇನಾಗುತ್ತದೆ

ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಎರಡು ದಿನ ಕೂತೇ ನಿದ್ದೆ ಮಾಡಿ ಎಂದು ಹಿಂದೆ ಹೇಳುತ್ತಿದ್ದರು, ಈಗಲೂ ಕೆಲವರು ಹೇಳುತ್ತಾರೆ. ಅದರ ಅಗತ್ಯವಿಲ್ಲ; 2017ರ ಮಾರ್ಗಸೂಚಿ ಅಂಥ ನಿರ್ಬಂಧ ಹೇರಬಾರದೆಂದೇ ಹೇಳಿದೆ. ಆ ದಿನ ವಾಹನ ಓಡಿಸದಿದ್ದರೆ ಸಾಕು.

ಗಿರ್ರನೆ ತಿರುಗುವುದು ನಿಂತ ಮೇಲೂ ಕೆಲವು ದಿನ, ಕೆಲವರಿಗೆ ಎರಡು ಮೂರು ವಾರ, ನಡೆಯುವಾಗ ತೇಲಿದಂತೆ ಅನ್ನಿಸುತ್ತದೆ. ಇದಕ್ಕೆ ಮತ್ತೆ ಮತ್ತೆ ಎಪ್ಲಿ ಮಾಡಬೇಡಿ. ನಡೆದಾಡಿ, ತಲೆ ಅಲ್ಲಾಡಿಸಿ, ಮಲಗಿಯೇ ಇರಬೇಡಿ. ಎಪ್ಲಿಯ ನಂತರ ಸುತ್ತಿನ ರೀತಿಯೇ ಬದಲಾಗಿ, ಎಡಬಲ ಯಾವ ಕಡೆ ಹೊರಳಿದರೂ ಮೊದಲಿಗಿಂತ ಜೋರಾಗಿ ಸುತ್ತಿದರೆ ಹರಳು ಹಿಂದಿನ ನಾಳದಿಂದ ಅಡ್ಡ ನಾಳಕ್ಕೆ ಹೊಕ್ಕಿರಬಹುದು. ನೂರರಲ್ಲಿ ಐದಾರು ಮಂದಿಗೆ ಹೀಗಾಗುತ್ತದೆ. ಹೆದರಬೇಕಿಲ್ಲ, ಈಗ ಹೊರಳಾಟವೋ ಗುಫೋನಿಯೋ ಬೇಕು, ಅಷ್ಟೆ.

ಮರುಕಳಿಕೆ ಮಾತ್ರ ನಿಜ. ಬ್ರಾಂಟ್ ತಂಡ 125 ರೋಗಿಗಳನ್ನು ಸರಾಸರಿ ಹತ್ತು ವರ್ಷ ಗಮನಿಸಿ 2006ರಲ್ಲಿ ವರದಿ ಮಾಡಿತು: ಅರ್ಧದಷ್ಟು ಮಂದಿಗೆ ಮತ್ತೆ ಬಂತು, ಅವರಲ್ಲಿ ಶೇ. 80 ಮಂದಿಗೆ ಮೊದಲ ವರ್ಷದಲ್ಲೇ. ಇದನ್ನು ತಡೆಯಲು ಸದ್ಯ ಒಳ್ಳೆಯ ಆಧಾರವಿರುವುದು ವಿಟಮಿನ್ ಡಿಗೆ. ಕೊರಿಯಾದ ದೊಡ್ಡ ಪ್ರಯೋಗವೊಂದರಲ್ಲಿ (2020) ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದವರಿಗೆ ದಿನಕ್ಕೆರಡು ಸಲ 400 ಯೂನಿಟ್ ವಿಟಮಿನ್ ಡಿ ಮತ್ತು 500 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟರು. ಚಿಕಿತ್ಸೆಯ ಗುಂಪಿನಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 0.83 ಸಲ, ಇನ್ನೊಂದು ಗುಂಪಿನಲ್ಲಿ 1.10 ಸಲ ಮರುಕಳಿಸಿತು. ಅಂದರೆ ಸುಮಾರು ಕಾಲುಭಾಗ ಕಡಿಮೆ. ಪವಾಡವಲ್ಲ, ಆದರೂ ಪದೇ ಪದೇ ಬರುವವರು ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಇಷ್ಟು ಕಾರಣ ಸಾಕು. ಮೂತ್ರಪಿಂಡದಲ್ಲಿ ಕಲ್ಲಿರುವವರು ವೈದ್ಯರನ್ನು ಕೇಳದೆ ಕ್ಯಾಲ್ಸಿಯಂ ಶುರು ಮಾಡಬಾರದು.

ಏನು ಮಾಡಿದರೂ ಬಗ್ಗದ, ವರ್ಷಗಟ್ಟಲೆ ಕಾಡುವ ಬೆರಳೆಣಿಕೆಯ ರೋಗಿಗಳಿಗೆ ಹಿಂದಿನ ನಾಳವನ್ನೇ ಮುಚ್ಚಿಬಿಡುವ ಶಸ್ತ್ರಚಿಕಿತ್ಸೆಯಿದೆ. ಪಾರ್ನ್ಸ್ ಮತ್ತು ಮೆಕ್‌ಕ್ಲೂರ್ ಅದನ್ನು 1990ರಲ್ಲಿ ವಿವರಿಸಿದರು. ಕಿವಿ ಮಂದವಾಗುವ ಸಣ್ಣ ಅಪಾಯ ಅದಕ್ಕಿದೆ. ಅಲ್ಲಿಗೆ ಹೋಗುವ ಮೊದಲು ಎಂಆರ್‌ಐ ಆಗಿರಬೇಕು, ಬಲ್ಲವರ ಕೈಯಲ್ಲಿ ಎಪ್ಲಿ ಮತ್ತು ಸೆಮೊಂಟ್ ಎರಡೂ ಆಗಿರಬೇಕು, ಕಣ್ಣಿನ ಅದುರಿನ ವಿಡಿಯೋ ದಾಖಲೆ ಇರಬೇಕು. ಈ ಮೂರರಲ್ಲಿ ಒಂದಿಲ್ಲದೆ ಆಪರೇಷನ್ ಮಾತೆತ್ತಿದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.